ಬಿಡಿಸಲಾಗದ ಗಂಟು

ರಸಾಯನಶಾಸ್ತ್ರ ಓದಿದ ತರುಣರು ಡಾಕ್ಟರೇಟಿಗೆ ಯಾವ ವಿಷಯ ಹಿಡಿಯಬೇಕೆಂದು ಕೇಳಿದರೆ, ಸವೆದ ಟೈರೊಂದನ್ನು ತೋರಿಸೋಣವೆನಿಸುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸಿದ. ಏಕೆ ಗಟ್ಟಿಯಾಯಿತೆಂಬುದು ಅವನಿಗೆ ತಿಳಿದಿರಲಿಲ್ಲ. ರಬ್ಬರಿನಂಥ ಪದಾರ್ಥಗಳು ಅತಿ ದೀರ್ಘವಾದ ಅಣುಸರಪಳಿಗಳೆಂದು ಜರ್ಮನ್ ವಿಜ್ಞಾನಿ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಸಾರಿದಾಗ ಬಹುಮಂದಿ ಪಂಡಿತರು ಒಪ್ಪಲಿಲ್ಲ. ನೊಬೆಲ್ ಪಾರಿತೋಷಕ ಅವರಿಗೆ ದೊರೆತದ್ದು 1953ರಲ್ಲಿ. ಗಂಧಕವು ಆ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಹಾಗೆ ಬಿಗಿದ ಮೇಲೆ ಕರಗಿಸಿ ಮರಳಿ ಎರಕ ಹೊಯ್ಯುವಂತಿಲ್ಲ. ಹಳೆಯ ಬಳೆಗಿರುವ ಪುನರ್ಜನ್ಮ ಟೈರಿಗಿಲ್ಲ!

2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು, ಕಾಯಿಸಿದಾಗ ಕೊಂಡಿಗಳು ಜಾಗ ಬದಲಿಸಿಕೊಳ್ಳುವ ಎಪಾಕ್ಸಿ ಜಾಲವೊಂದನ್ನು ಹೆಣೆದರು. ಜಾಲ ಹರಿಯದೆ ರೂಪ ಬದಲಾಯಿತು. ವಿಟ್ರಿಮರ್ ಎಂದು ಅದರ ಹೆಸರು. ಆದರೆ ಸಡಿಲಗೊಳ್ಳಬಲ್ಲ ಕೊಂಡಿ, ಭಾರ ಹೊತ್ತು ನಿಂತಾಗಲೂ ಮೆಲ್ಲನೆ ಜಾರಬಹುದಲ್ಲ? ಸಡಿಲಬೇಕು, ಜಾರಬಾರದು. ಈ ಇಕ್ಕಟ್ಟಿನಲ್ಲಿ ಒಬ್ಬ ವಿದ್ಯಾರ್ಥಿಯ ಐದು ವರ್ಷಗಳು ಸಾರ್ಥಕವಾಗಿ ಕಳೆದಾವು.

ಬಾಗಿಲುಗಳೂ ದೂರವಿಲ್ಲ: ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ನೆಟ್, ಗೇಟ್ ಪರೀಕ್ಷೆಗಳನ್ನು ದಾಟಿ ಆಯ್ಕೆಯಾದವರಿಗೆ ಶಿಷ್ಯವೇತನವೂ ಉಂಟು. ಅರ್ಜಿ ಬರೆಯುವ ಮುನ್ನ ಮಾರ್ಗದರ್ಶಕರ ಹಿಂದಿನ ಶಿಷ್ಯರೊಬ್ಬರನ್ನು ಕಂಡು ಮಾತನಾಡಿಸಿ. ಯಾವ ಗಂಟು ಇನ್ನೂ ಬಿಡಿಸದೆ ಉಳಿದಿದೆಯೆಂದು ಅವರನ್ನೇ ಕೇಳಿ.