ಭತ್ತದ ಉಮಿಬೂದಿಯಿಂದ ಸಿಲಿಕಾ ಜೆಲ್: ಖರ್ಚು ಮತ್ತು ಉಪಯೋಗ



ಶಿವಮೊಗ್ಗ, ಭದ್ರಾವತಿಗಳ ಅಕ್ಕಿ ಗಿರಣಿಗಳ ಹಿಂದೆ ಉಮಿಯ ರಾಶಿಯನ್ನೂ ಬೂದಿಯ ಗುಡ್ಡೆಯನ್ನೂ ನೀವೆಲ್ಲ ಕಂಡಿರುತ್ತೀರಿ. ತುಂಗಾ ಮತ್ತು ಭದ್ರಾ ನಾಲೆಗಳ ನೀರಿನಲ್ಲಿ ಬೆಳೆದ ಭತ್ತದ ಜೊತೆ ಬಂದ ಈ ಬೂದಿಯ ಬಹುಪಾಲು ಸಿಲಿಕಾ. ಭದ್ರಾವತಿಗೆ ಸಿಲಿಕಾ ಹೊಸದೇನಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದೆ ಬೆಣಚುಕಲ್ಲಿನಿಂದ ಫೆರೊಸಿಲಿಕಾನ್ ತಯಾರಿಸುತ್ತಿದ್ದರು.

ಒಂದು ಕ್ವಿಂಟಾಲ್ ಭತ್ತದಿಂದ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ, ಅದರಲ್ಲಿ ಸುಮಾರು 3.5 ಕಿಲೋ ಸಿಲಿಕಾ ಸಿಗುತ್ತದೆ. ಅಂದರೆ ಒಂದು ಟನ್ ಸಿಲಿಕಾಕ್ಕೆ ಸುಮಾರು 285 ಕ್ವಿಂಟಾಲ್ ಭತ್ತದ ಉಮಿ ಬೇಕು.

ತಯಾರಿಕೆ

ಬೂದಿಯನ್ನು ಕಾಸ್ಟಿಕ್ ಸೋಡ ದ್ರಾವಣದಲ್ಲಿ ಕುದಿಸಿ ಸೋಸಿದರೆ ಸೋಡಿಯಂ ಸಿಲಿಕೇಟ್ ದೊರೆಯುತ್ತದೆ. ಅದಕ್ಕೆ ಗಂಧಕಾಮ್ಲ ಸೇರಿಸಿದಾಗ ಗಂಜಿಯಂತೆ ಗಟ್ಟಿಯಾಗುತ್ತದೆ. ಇದನ್ನು ಒಡೆದು, ತೊಳೆದು, ಒಣಗಿಸಿದರೆ ಸಿಲಿಕಾ ಜೆಲ್. ಉಮಿಯನ್ನು 700 ಡಿಗ್ರಿ ಸೆಂಟಿಗ್ರೇಡ್‌ಗಿಂತ ಕಡಿಮೆ ಶಾಖದಲ್ಲಿ ಸುಡುವುದು ಮುಖ್ಯ. ಅತಿಯಾಗಿ ಕಾದ ಬೂದಿಯ ಸಿಲಿಕಾ ಹರಳುಗಟ್ಟಿ ಸುಲಭವಾಗಿ ಕರಗುವುದಿಲ್ಲ. ಅದರ ಧೂಳು ಶ್ವಾಸಕೋಶಕ್ಕೂ ಕೇಡು.

ಖರ್ಚಿನ ಬಾಬುಗಳು

ಕಚ್ಚಾವಸ್ತು ಅಗ್ಗವೆಂದು ಮೋಸಹೋಗಬಾರದು. ರಾಸಾಯನಿಕ ಲೆಕ್ಕದಂತೆ, ನಷ್ಟವೇ ಇಲ್ಲವೆಂದುಕೊಂಡರೂ, ಒಂದು ಟನ್ ಸಿಲಿಕಾಕ್ಕೆ ಸುಮಾರು 400 ಕಿಲೋ ಕಾಸ್ಟಿಕ್ ಸೋಡ, 500 ಕಿಲೋ ಗಂಧಕಾಮ್ಲ ಬೇಕು. ಜೊತೆಗೆ ಸುಮಾರು 700 ಕಿಲೋ ಸೋಡಿಯಂ ಸಲ್ಫೇಟ್ ತೊಳೆದ ನೀರಿನಲ್ಲಿ ಹೊರಬರುತ್ತದೆ. ಹಸಿ ಜೆಲ್‌ನಲ್ಲಿ ಸಿಲಿಕಾಕ್ಕಿಂತ ನೀರೇ ಹೆಚ್ಚಾದ್ದರಿಂದ ಒಣಗಿಸುವ ಇಂಧನದ ಖರ್ಚೂ ದೊಡ್ಡದು. ಮರಳನ್ನು ಸೋಡಾದೊಡನೆ 1,300 ಡಿಗ್ರಿಗೂ ಮೇಲೆ ಕರಗಿಸುವ ಕುಲುಮೆ ಬೇಡವಾಗುವುದು ಉಮಿಬೂದಿಯ ದೊಡ್ಡ ಉಳಿತಾಯ. ಉಮಿಯನ್ನೇ ಬಾಯ್ಲರಿಗೆ ಹಾಕಿ ಆವಿಯನ್ನೂ ಬೂದಿಯನ್ನೂ ಪಡೆದರೆ ಮಾತ್ರ ಲೆಕ್ಕ ಕೂಡುತ್ತದೆ.

ಕೈಗಾರಿಕೆಯಲ್ಲಿ ಉಪಯೋಗ

ಸಿಲಿಕಾ ಜೆಲ್ ತಯಾರಿಕೆಗೆ ಅಮೆರಿಕದ ವಾಲ್ಟರ್ ಪ್ಯಾಟ್ರಿಕ್ 1919ರಲ್ಲಿ ಹಕ್ಕುಪತ್ರ ಪಡೆದರು. ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿರುವ ಇದು ತೇವವಾದ ಗಾಳಿಯಲ್ಲಿ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ತೇವ ಹೀರುತ್ತದೆ. ಔಷಧಿ ಡಬ್ಬಿ, ಚರ್ಮದ ವಸ್ತು, ಸೂಕ್ಷ್ಮ ಯಂತ್ರಗಳ ಪೆಟ್ಟಿಗೆಗಳಲ್ಲಿ ಇದನ್ನಿಡುತ್ತಾರೆ. ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಪಕ್ಕದ ಗಾಜಿನ ಬುರುಡೆಯಲ್ಲಿ ಕಾಣುವ ನೀಲಿ ಹರಳುಗಳೂ ಇವೇ. ಬಣ್ಣ ತಯಾರಿಕೆ, ಬಿಯರ್ ತಿಳಿಗೊಳಿಸುವಿಕೆ, ಪ್ರಯೋಗಾಲಯದ ಬೇರ್ಪಡಿಕೆಗಳಿಗೂ ಬೇಕು. ಹಿಂದಿನವರು ಉಮಿಕರಿಯಲ್ಲಿ ಹಲ್ಲುಜ್ಜುತ್ತಿದ್ದರು. ಇಂದಿನ ಟೂತ್‌ಪೇಸ್ಟಿನಲ್ಲಿಯೂ ಸಿಲಿಕಾ ಇದೆ.

ರೈತರಿಗೇನು ಲಾಭ?

ಮಲೆನಾಡಿನ ಮಳೆಗಾಲದಲ್ಲಿ ತರಕಾರಿ ಬೀಜ ಕೆಡುವುದು ತೇವದಿಂದ. ಬೀಜದ ತೇವಾಂಶ ಶೇಕಡ 1 ಇಳಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜ ಶಾಸ್ತ್ರದ ಸ್ಥೂಲ ನಿಯಮ. ನೆರಳಲ್ಲಿ ಒಣಗಿಸಿದ ಬದನೆ, ಮೆಣಸಿನ ಬೀಜಕ್ಕೆ ಸಮತೂಕದ ಜೆಲ್ಲನ್ನು ಬಟ್ಟೆಯಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಜೊತೆಗಿಡಿ. ನಂತರ ಜೆಲ್ ತೆಗೆದು ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ. ನೀಲಿ ಜೆಲ್ ಗುಲಾಬಿಯಾದರೆ ತೇವ ತುಂಬಿತೆಂದು ಅರ್ಥ. ಸುಮಾರು 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಆದರೆ ನೀಲಿ ಬಣ್ಣದ ಕೋಬಾಲ್ಟ್ ವಿಷ. ಅಡಿಗೆ ಪಾತ್ರೆಯಲ್ಲಿ ಕಾಯಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಸಹಕಾರ ಸಂಘಗಳು ಆತುರದಿಂದ ಜೆಲ್ ಕಾರ್ಖಾನೆಗೆ ಕೈಹಾಕುವುದು ಬೇಡ. ಆಮ್ಲದ ಕೆಲಸಕ್ಕೆ ನುರಿತವರು ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ತೊಳೆದ ಉಪ್ಪುನೀರು ನಾಲೆ ಸೇರಿದರೆ ಕೆಳಗಿನ ಗದ್ದೆ ಹಾಳಾಗುತ್ತದೆ. ಮೊದಲು ಉಮಿಯನ್ನು ಒಟ್ಟುಗೂಡಿಸಿ, ಹದವಾಗಿ ಸುಟ್ಟು, ಬೂದಿಯನ್ನು ಪರೀಕ್ಷೆ ಮಾಡಿಸಿ ಸಿಲಿಕೇಟ್ ತಯಾರಕರಿಗೆ ಮಾರುವ ದಾರಿ ನೋಡಿ. ಕೊಳ್ಳುವವರೊಡನೆ ಕರಾರಾದ ಮೇಲೆಯೇ ಬಂಡವಾಳ ಹೂಡಿ.

ಮಾರದೆ ಉಳಿದ ಬೂದಿ ಗದ್ದೆಗೆ ಹಿಂತಿರುಗಲಿ. ಭತ್ತ ಮಣ್ಣಿನಿಂದ ಹೆಚ್ಚು ಸಿಲಿಕಾ ಹೀರುವ ಬೆಳೆ. ಸಿಲಿಕಾ ಸಿಕ್ಕ ಪೈರು ಬಾಗದೆ ನಿಂತು ಬೆಂಕಿರೋಗವನ್ನು ಹೆಚ್ಚು ತಡೆಯುತ್ತದೆ. ಗಿರಣಿಗೆ ಭತ್ತ ಒಯ್ಯುವಾಗ ಅಕ್ಕಿಯ ಲೆಕ್ಕದ ಜೊತೆಗೆ ಉಮಿಯ ಲೆಕ್ಕವನ್ನೂ ಕೇಳುವುದನ್ನು ರೈತರು ರೂಢಿಸಿಕೊಳ್ಳಬೇಕು.