ಲಾರಿಯ ಬ್ರೇಕು ಮತ್ತು ನಮ್ಮ ಅಮಾನತ್

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)





ಪ್ರತಿ ವರ್ಷ ಈ ಸಭೆಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಓದುವ ಮಕ್ಕಳ ಹೆಸರು ಕರೆದಾಗ ಚಪ್ಪಾಳೆ ಜೋರಾಗಿ ಕೇಳುತ್ತದೆ. ಐಟಿಐ ಮಕ್ಕಳ ಸರದಿ ಬಂದಾಗ ಆ ಸದ್ದು ಸ್ವಲ್ಪ ತಗ್ಗುತ್ತದೆ. ಈ ವರ್ಷ ಸಮಿತಿಗೆ ಒಂದು ಪ್ರಶ್ನೆಯೂ ಬಂತು: "ಮೆಕ್ಯಾನಿಕ್ ಕೆಲಸಕ್ಕೆ ವಿದ್ಯಾರ್ಥಿವೇತನ ಯಾಕೆ? ಗ್ಯಾರೇಜಿಗೆ ಸೇರಿಸಿದರೆ ಕೈಗೆ ನಾಲ್ಕು ಕಾಸು ಕೊಟ್ಟೇ ಕಲಿಸುತ್ತಾರಲ್ಲ?" ಕೇಳಿದವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ದಾನಿಗಳ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಉತ್ತರ ಕೊಡುವ ಹೊಣೆ ನಮ್ಮದು.

ಪಾಠ ಹೇಳಿ ಅಭ್ಯಾಸವಾದವರು ನಾವು. ಪ್ರಶ್ನೆಗೆ ಉಪದೇಶದಿಂದ ಉತ್ತರಿಸುವುದಕ್ಕಿಂತ ಉದಾಹರಣೆಯಿಂದ ಉತ್ತರಿಸುವುದು ಮೇಲು ಎಂದು ತಿಳಿದವರು. ಅದಕ್ಕಾಗಿ ಸಮಿತಿಯವರು ಎರಡು ದಿನ ಒಂದು ಲಾರಿ ಗ್ಯಾರೇಜಿಗೆ ಹೋಗಿ ಕುಳಿತೆವು. ನಮ್ಮ ಟ್ರಸ್ಟಿನ ನೆರವಿನಿಂದ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಮುಗಿಸಿದ ಒಬ್ಬ ಹುಡುಗ ಅಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಕಂಡದ್ದನ್ನು ಹಾಗೆಯೇ ನಿಮ್ಮ ಮುಂದೆ ಇಡುತ್ತೇವೆ.

ಬಂದದ್ದು ಮಧ್ಯಮ ಗಾತ್ರದ ಲಾರಿ, ಸಾಮಾನು ತುಂಬಿದರೆ ಹನ್ನೊಂದು ಟನ್ನಿನ ಆಸುಪಾಸು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನಕ್ಕೆ ಹೋಗಿ ಬರುವ ಗಾಡಿ. ಚಾಲಕ ಹೇಳಿದ ದೂರು ಮೂರು. ಗೇರ್ ಹಾಕಿ ಹೊರಡುವಾಗ ಅಡಿಯಲ್ಲಿ ಟಕ್ ಎಂಬ ಸದ್ದು, ವೇಗ ಹಿಡಿದರೆ ಗಾಡಿಯೆಲ್ಲ ನಡುಕ. ಬ್ರೇಕ್ ಒತ್ತಿದರೆ ಲಾರಿ ಬಲಕ್ಕೆ ವಾಲುತ್ತದೆ, ಮೊದಲಿಗಿಂತ ದೂರ ಹೋಗಿ ನಿಲ್ಲುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆಯ ಹೊತ್ತಿಗೆ ಗಾಳಿ ಖಾಲಿ.

ಹುಡುಗ ಮೊದಲು ಮಾಡಿದ ಕೆಲಸ ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ ಕೊಟ್ಟದ್ದು. ಸ್ಪ್ಯಾನರ್ ಮುಟ್ಟಿದ್ದು ಆಮೇಲೆ. ಲಾರಿಯ ಅಡಿಗೆ ಹೋಗುವವನ ಮೊದಲ ಪಾಠ ಅದು.

ಎಂಜಿನಿನ ಶಕ್ತಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವುದು ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದದ ಕೊಳವೆಯ ಮೂಲಕ. ರಸ್ತೆಯ ಏರಿಳಿತಕ್ಕೆ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಶಾಫ್ಟಿನ ತುದಿಗಳಲ್ಲಿ ಬಾಗಿಯೂ ತಿರುಗಬಲ್ಲ ಕೀಲುಗಳಿರಬೇಕು. ಅವೇ ಯೂನಿವರ್ಸಲ್ ಜಾಯಿಂಟ್‌ಗಳು. ಒಳಗಿರುವ ಕೂಡುಕಡ್ಡಿಯನ್ನು ಗ್ಯಾರೇಜಿನವರು ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕು ತುದಿಗಳ ಮೇಲೆ ನಾಲ್ಕು ಬಟ್ಟಲು, ಬಟ್ಟಲಿನೊಳಗೆ ಸೂಜಿಯಂಥ ಬೇರಿಂಗುಗಳು. ಗ್ರೀಸ್ ಒಣಗಿದರೆ ಸೂಜಿಗಳು ತುಕ್ಕು ಹಿಡಿದು, ಬಟ್ಟಲಿನ ಅಂಚಿನಲ್ಲಿ ಕೆಂಪು ಪುಡಿ ಕಾಣಿಸುತ್ತದೆ. ಈ ಲಾರಿಯಲ್ಲಿ ಆ ಪುಡಿ ಇತ್ತು. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿದರೆ ಸಡಿಲವೂ ಗೊತ್ತಾಯಿತು. ಟಕ್ ಸದ್ದಿನ ಮೂಲ ಅದೇ.

ಬಿಚ್ಚುವ ಮೊದಲು ಹುಡುಗ ಶಾಫ್ಟಿನ ಜೋಡಣೆಗಳ ಮೇಲೆಲ್ಲ ಗುರುತು ಹಾಕಿದ. ಯಾಕೆ ಎಂದು ಕೇಳಿದೆವು. ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದ. ಬಾಗಿದ ಕೀಲಿನ ಮೂಲಕ ತಿರುಗುವ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಮೊದಲ ಕೀಲು ಮಾಡಿದ ಈ ಏರುಪೇರನ್ನು ಇನ್ನೊಂದು ಕೀಲು ಸರಿದೂಗಿಸುತ್ತದೆ. ಆದರೆ ಎರಡೂ ಒಂದೇ ನೇರದಲ್ಲಿ ಕೂತಿದ್ದರೆ ಮಾತ್ರ. ಜೋಡಿಸುವಾಗ ಒಂದೆರಡು ಹಲ್ಲು ತಪ್ಪಿದರೂ ನಡುಕ ಉಳಿಯುತ್ತದೆ, ನಡುವಿನ ಬೇರಿಂಗು ಬೇಗ ಸವೆಯುತ್ತದೆ. ಆಗ ಹೊಸ ಕ್ರಾಸ್ ಹಾಕಿದ ಖರ್ಚೂ ದಂಡ.

ಬಟ್ಟಲುಗಳನ್ನು ಸುತ್ತಿಗೆಯಿಂದ ಹೊಡೆಯದೆ ಪ್ರೆಸ್ಸಿನಲ್ಲಿ ಒತ್ತಿ ತೆಗೆದ. ಹೊಸ ಕ್ರಾಸ್ ಕೂರಿಸಿ, ಲಾಕ್ ರಿಂಗುಗಳು ತಮ್ಮ ಗಾಡಿಯಲ್ಲಿ ಪೂರ್ತಿ ಕೂತಿವೆಯೇ ನೋಡಿ, ನಾಲ್ಕೂ ತುದಿಗಳಲ್ಲಿ ಹೊಸ ಗ್ರೀಸ್ ಹೊರಗೆ ಇಣುಕುವ ತನಕ ಪಂಪ್ ಮಾಡಿದ. ಬೋಲ್ಟುಗಳನ್ನು ಅಂದಾಜಿನಲ್ಲಿ ಬಿಗಿಯಲಿಲ್ಲ. ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿದ.

ಇನ್ನು ಬ್ರೇಕಿನ ಕಡೆ ಬರೋಣ. ಕಾರು, ಬೈಕುಗಳ ಬ್ರೇಕು ಎಣ್ಣೆಯಿಂದ ಅಥವಾ ತಂತಿಯಿಂದ ನಡೆಯುತ್ತದೆ. ಇಂಥ ಲಾರಿಯ ಬ್ರೇಕು ನಡೆಯುವುದು ಗಾಳಿಯಿಂದ. ಎಂಜಿನಿನಿಂದ ತಿರುಗುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಒತ್ತಡ ಸುಮಾರು 8 ಬಾರ್, ಅಂದರೆ ಕಾರಿನ ಚಕ್ರದಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಚಾಲಕ ಪೆಡಲ್ ಒತ್ತಿದಾಗ ಆ ಗಾಳಿ ಪ್ರತಿ ಚಕ್ರದ ಬಳಿಯ ಚೇಂಬರಿಗೆ ಹೋಗಿ ಒಂದು ಸರಳನ್ನು ತಳ್ಳುತ್ತದೆ. ಸರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ. ಆ ತೋಳು ತಿರುಗಿಸುವ ಕ್ಯಾಮ್ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ.

ಗಾಳಿಯೇ ಹೋದರೆ ಗತಿ ಏನು? ಈ ಪ್ರಶ್ನೆ ಮೊದಲು ಕಾಡಿದ್ದು ರೈಲುಗಳಲ್ಲಿ. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬ ಅಮೆರಿಕದ ಸಂಶೋಧಕ 1869ರಲ್ಲಿ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ. ಆ ಮೊದಲ ಬ್ರೇಕಿನಲ್ಲಿ ಕೊಳವೆ ಒಡೆದರೆ ರೈಲು ನಿಲ್ಲುತ್ತಿರಲಿಲ್ಲ. ಮೂರು ವರ್ಷಗಳ ನಂತರ, 1872ರಲ್ಲಿ, ಅವನು ಅದನ್ನು ತಿರುವುಮುರುವು ಮಾಡಿದ. ಕೊಳವೆಯಲ್ಲಿ ಗಾಳಿ ಇರುವ ತನಕ ಬ್ರೇಕು ಬಿಟ್ಟಿರುತ್ತದೆ, ಗಾಳಿ ಹೋದರೆ ತಾನಾಗಿ ಹಿಡಿಯುತ್ತದೆ. ಲಾರಿಯ ಹಿಂದಿನ ಚಕ್ರಗಳಲ್ಲೂ ಇದೇ ವಿವೇಕ ಇದೆ. ಅಲ್ಲಿನ ಚೇಂಬರಿನೊಳಗೆ ಬಲವಾದ ಒಂದು ಸ್ಪ್ರಿಂಗ್ ಉಂಟು. ಗಾಳಿ ಅದನ್ನು ಒತ್ತಿ ಹಿಡಿದಿರುತ್ತದೆ. ಗಾಳಿ ಖಾಲಿಯಾದರೆ ಸ್ಪ್ರಿಂಗ್ ಚಾಚಿಕೊಂಡು ಬ್ರೇಕ್ ಹಾಕುತ್ತದೆ. ನಿಲ್ಲಿಸಿದಾಗ ಹಾಕುವ ಪಾರ್ಕಿಂಗ್ ಬ್ರೇಕೂ ಇದೇ.

ಹೆತ್ತವರು ಇಲ್ಲಿ ಗಮನವಿಟ್ಟು ಕೇಳಬೇಕು. ರಸ್ತೆಯಲ್ಲಿ ಜೀವ ಉಳಿಸುವ ಈ ಸ್ಪ್ರಿಂಗೇ ಗ್ಯಾರೇಜಿನಲ್ಲಿ ಜೀವ ತೆಗೆಯಬಲ್ಲುದು. ನೂರಾರು ಕಿಲೋ ಬಲದಿಂದ ಮುದುಡಿ ಕೂತ ಅದನ್ನು ತಿಳಿಯದೆ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ. ಎದುರಿಗೆ ತಲೆ ಇದ್ದರೆ ಮುಗಿಯಿತು. ತಡೆಯುವ ದಾರಿ ಸರಳ. ಚೇಂಬರಿನ ಹಿಂಬದಿಯ ತೂತಿನಿಂದ ಕೇಜ್ ಬೋಲ್ಟ್ ಎಂಬ ಉದ್ದನೆಯ ಬೋಲ್ಟನ್ನು ತೂರಿಸಿ, ತಿರುಗಿಸಿ ಸಿಕ್ಕಿಸಿ, ನಟ್ಟು ಬಿಗಿದು ಸ್ಪ್ರಿಂಗನ್ನು ಕಟ್ಟಿಹಾಕಬೇಕು. ಆಮೇಲೆ ಟ್ಯಾಂಕುಗಳ ಗಾಳಿ ಬಿಡಬೇಕು. ಚೇಂಬರ್ ಕಳಚುವುದು ಅದಾದ ಮೇಲೆ. ಸ್ಪ್ರಿಂಗ್ ಇರುವ ಭಾಗವನ್ನು ಮಾತ್ರ ಎಂದಿಗೂ ಬಿಚ್ಚಬಾರದು, ಇಡಿಯಾಗಿ ಬದಲಿಸಬೇಕು. ಹತ್ತು ನಿಮಿಷದ ಈ ತಿಳಿವಳಿಕೆ ಹೇಳಿಕೊಡುವವರಿಲ್ಲದೆ ಹದಿನಾರರ ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟರೆ ಅದು ಕಲಿಕೆಯಲ್ಲ, ಜೂಜು.

ನಮ್ಮ ಹುಡುಗ ಸೋರಿಕೆಯನ್ನು ಮೂರು ರೀತಿಯಲ್ಲಿ ಪರೀಕ್ಷಿಸಿದ: ಪಾರ್ಕಿಂಗ್ ಬ್ರೇಕ್ ಹಾಕಿದಾಗ, ಅದನ್ನು ಬಿಟ್ಟಾಗ, ಪೆಡಲ್ ಒತ್ತಿದಾಗ. ಮೂರರಲ್ಲಿ ಗಾಳಿ ಹರಿಯುವ ದಾರಿ ಬೇರೆಬೇರೆ. ಹಾಗಾಗಿ ಯಾವಾಗ ಸೋರುತ್ತದೆ ಎಂಬುದೇ ಎಲ್ಲಿ ಸೋರುತ್ತದೆ ಎಂದು ಹೇಳುತ್ತದೆ. ಸೋಪಿನ ನೀರು ಹಚ್ಚಿ ನೋಡಿದಾಗ, ರಾತ್ರಿ ಗಾಳಿ ಖಾಲಿಯಾಗಲು ಕಾರಣ ಟ್ಯಾಂಕಿನ ಹತ್ತಿರ ಚಾಸಿಗೆ ಉಜ್ಜಿ ಸವೆದ ಒಂದು ಹೋಸ್ ಎಂದು ಗೊತ್ತಾಯಿತು. ಪಾರ್ಕಿಂಗ್ ಬ್ರೇಕ್ ಬಿಟ್ಟಾಗ ಮಾತ್ರ ಎಡಗಡೆಯ ಹಿಂದಿನ ಚೇಂಬರ್ ಬುಸುಗುಟ್ಟಿತು. ಅದರೊಳಗಿನ ರಬ್ಬರ್ ಪೊರೆ ಹರಿದಿತ್ತು. ಟ್ಯಾಂಕಿನ ಅಡಿಯ ಕವಾಟ ತೆರೆದಾಗ ಗಾಳಿಯ ಜೊತೆ ನೀರೂ ಬಂತು. ನಮ್ಮ ಕರಾವಳಿಯ ಮಳೆಗಾಲದ ತೇವಾಂಶ ಗಾಳಿಯ ಜೊತೆ ಟ್ಯಾಂಕಿನೊಳಗೂ ಸೇರುತ್ತದೆ. ಡ್ರೈಯರ್ ಕೆಟ್ಟಿದ್ದರೆ ಕವಾಟಗಳಿಗೆ ತುಕ್ಕು ಹಿಡಿಯುತ್ತದೆ. ಡ್ರೈಯರನ್ನೂ ನೋಡಬೇಕೆಂದು ಹುಡುಗ ಚೀಟಿಯಲ್ಲಿ ಬರೆದ.

ನಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಎಡ ಹಿಂಚಕ್ರದ ಡ್ರಮ್ ತೆಗೆದಾಗ. ಲೈನಿಂಗ್ ಎಣ್ಣೆಯಲ್ಲಿ ನೆನೆದಿತ್ತು. ಎಣ್ಣೆ ಹತ್ತಿದ ಬ್ರೇಕು ಹಿಡಿಯುವುದಿಲ್ಲ. ಲಾರಿ ಬಲಕ್ಕೆ ವಾಲುತ್ತಿದ್ದುದು ಇದಕ್ಕೇ. ಲೈನಿಂಗ್ ಬದಲಿಸಿ ಮುಚ್ಚಿಬಿಟ್ಟರೆ ಗಾಡಿ ಅಂದೇ ಹೊರಡುತ್ತಿತ್ತು. ಚಾಲಕನಿಗೂ ಅವಸರವಿತ್ತು. ಹುಡುಗ ಬಿಡಲಿಲ್ಲ. "ಬ್ರೇಕಿನಲ್ಲಿ ಎಣ್ಣೆಯೇ ಇಲ್ಲವಲ್ಲ, ಇದು ಎಲ್ಲಿಂದ ಬಂತು?" ಎಂದ. ಅದು ಡಿಫರೆನ್ಶಿಯಲ್ಲಿನ ಗೇರ್ ಆಯಿಲ್. ಆಕ್ಸಲಿನ ಒಳಗಿಂದ ಹರಿದು, ಹಬ್ಬಿನ ಸೀಲ್ ದಾಟಿ ಬ್ರೇಕಿಗೆ ಬಂದಿತ್ತು. ಸೀಲ್ ಯಾಕೆ ಸೋತಿತು ಎಂದು ಮತ್ತೆ ಹುಡುಕಿದ. ಆಕ್ಸಲಿನ ಮೇಲೆ ಉಸಿರಾಡಲು ಬಿಟ್ಟ ಚಿಕ್ಕ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಬಿಸಿಯಾದಾಗ ಒಳಗೆ ಒತ್ತಡ ಏರಿ, ಎಣ್ಣೆ ಸೀಲನ್ನು ದಾಟಿ ಹೊರಗೆ ನುಗ್ಗುತ್ತಿತ್ತು. ಬೆರಳ ತುದಿಯಷ್ಟು ಕೆಸರು ಹನ್ನೊಂದು ಟನ್ನಿನ ಬ್ರೇಕನ್ನು ಕೆಡಿಸಿತ್ತು.

ತೂತು ಸ್ವಚ್ಛವಾಯಿತು, ಸೀಲ್ ಹೊಸದಾಯಿತು. ಒಂದು ಬದಿ ಮಾತ್ರ ಹೊಸದಾದರೆ ಮತ್ತೆ ವಾಲುತ್ತದೆಂದು ಎರಡೂ ಬದಿಯ ಲೈನಿಂಗ್ ಬದಲಾಯಿತು. ಹಳೆಯ ಲೈನಿಂಗಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದ. ಅದರಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಕೊನೆಗೆ ಪೆಡಲ್ ಒತ್ತಿಸಿ ಪ್ರತಿ ಸರಳು ಎಷ್ಟು ಹೊರಬರುತ್ತದೆಂದು ಅಳೆದು ಬರೆದುಕೊಂಡ.

ಶಾಫ್ಟಿನ ಕೆಲಸಕ್ಕೂ ಬ್ರೇಕಿನ ಕೆಲಸಕ್ಕೂ ಇನ್ನೊಂದು ನಂಟಿದೆ. ಘಾಟಿ ಇಳಿಯುವಾಗ ಅನುಭವಿ ಚಾಲಕ ಕೆಳಗಿನ ಗೇರಿನಲ್ಲಿ ಎಂಜಿನಿನ ತಡೆಯಿಂದಲೇ ಲಾರಿಯನ್ನು ಹಿಡಿದಿಡುತ್ತಾನೆ. ಬ್ರೇಕನ್ನು ಆಗಾಗ ಮಾತ್ರ ಒತ್ತುತ್ತಾನೆ. ಜಾಯಿಂಟ್ ಮುರಿದು ಶಾಫ್ಟ್ ಕಳಚಿದರೆ ಆ ತಡೆ ತಟ್ಟನೆ ಇಲ್ಲವಾಗುತ್ತದೆ. ಬೀಸುವ ಶಾಫ್ಟ್ ಅಲ್ಲೇ ಇರುವ ಗಾಳಿಯ ಕೊಳವೆಗಳನ್ನೂ ಕತ್ತರಿಸಬಹುದು. ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದಾಗ ಡ್ರಮ್ ಕಾದು ಹಿಗ್ಗುತ್ತದೆ, ಶೂಗಳು ಇನ್ನೂ ದೂರ ಚಾಚಬೇಕಾಗುತ್ತದೆ, ಹಿಡಿತ ಕುಂದುತ್ತದೆ. ಆ ತಿರುವಿನಲ್ಲಿ ಎದುರಿಗೆ ಬರುವುದು ಯಾರ ಗಾಡಿ? ಆಸ್ಪತ್ರೆಗೆ ಹೊರಟ ರೋಗಿಯದೋ, ಮದುವೆಯ ದಿಬ್ಬಣದ್ದೋ, ಕಾಲೇಜಿಗೆ ಹೊರಟ ಮಕ್ಕಳದ್ದೋ? ಅವರು ಯಾವ ಜಾತಿ, ಯಾವ ಧರ್ಮ ಎಂದು ಬ್ರೇಕು ಕೇಳುವುದಿಲ್ಲ. ರಿಪೇರಿ ಮಾಡಿದವನ ಹೆಸರು ಅವರಿಗೆ ತಿಳಿದೂ ಇರುವುದಿಲ್ಲ. ಅವರ ಜೀವ ಮಾತ್ರ ಅವನ ಕೈಯಲ್ಲಿ ಅಮಾನತ್ ಆಗಿರುತ್ತದೆ.

ಅಲ್ಲಾಹನು ದಾವೂದ್(ಅ)ರಿಗೆ ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ವಿಷಯ ಪವಿತ್ರ ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಬರುತ್ತದೆ. ಕವಚ ಮಾಡುವಾಗ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆಜ್ಞೆಯೂ ಅಲ್ಲೇ ಇದೆ. ಪ್ರವಾದಿಯೊಬ್ಬರಿಗೆ ಕೊಟ್ಟ ಆಜ್ಞೆಯಲ್ಲಿ ಕೊಂಡಿಯ ಅಳತೆಗೂ ಜಾಗವಿದೆ ಎಂದಮೇಲೆ ಕೈಕೆಲಸ ಕೀಳೆನ್ನಲು ನಾವು ಯಾರು? 1206ರಲ್ಲಿ ತನ್ನ ಯಂತ್ರಗಳ ಗ್ರಂಥ ಮುಗಿಸಿದ ಅಲ್ ಜಝರಿ ತಾನು ಮಾಡಿದ ಯಂತ್ರಗಳನ್ನು ಹೇಗೆ ಕಟ್ಟಬೇಕೆಂದು ಚಿತ್ರಸಹಿತ ಬರೆದಿಟ್ಟ. ಬರೆದಿಟ್ಟದ್ದರಿಂದಲೇ ಆ ವಿದ್ಯೆ ಒಬ್ಬನ ಕೈಯಲ್ಲಿ ಸಾಯದೆ ಉಳಿಯಿತು.

ಗ್ಯಾರೇಜಿನ ಮೇಸ್ತ್ರಿಗಳ ಅನುಭವವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಹುಡುಗನ ಕೈ ಪಳಗಿದ್ದು ಅವರ ಬಳಿಯಲ್ಲೇ. ಆದರೆ "ಯಾಕೆ" ಎಂದು ಕೇಳುವ ಅಭ್ಯಾಸ, ಯಾವುದಾದ ಮೇಲೆ ಯಾವುದು ಎಂಬ ಕ್ರಮ, ಅಳೆದು ಬರೆಯುವ ಶಿಸ್ತು, ಇವು ತರಗತಿಯಲ್ಲಿ ಬಂದವು. ದಾನಿಗಳೇ, ನಿಮ್ಮ ಹಣ ಕೊಂಡದ್ದು ಈ "ಯಾಕೆ" ಎಂಬ ಪ್ರಶ್ನೆಯನ್ನು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಈ ತರಬೇತಿ ಎರಡು ವರ್ಷ. ಮುಂದೆ ಓದುವ ಮನಸ್ಸಿದ್ದರೆ ಡಿಪ್ಲೊಮಾದ ದಾರಿಯೂ ತೆರೆದಿದೆ. ಹೆಣ್ಣುಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ಬಡ ಮನೆಗೆ ಕಷ್ಟವಾಗುವುದು ಫೀಸಿಗಿಂತ ಹೆಚ್ಚಾಗಿ ಆ ಎರಡು ವರ್ಷ ಮಗನ ಕೂಲಿ ಬಾರದಿರುವುದು. ಮೊದಲ ವರ್ಷದಲ್ಲಿ ಸ್ಪ್ಯಾನರ್ ಹಿಡಿಯಲು ಬಂತೆಂದರೆ "ಕಲಿತದ್ದು ಸಾಕು" ಎಂದು ಗ್ಯಾರೇಜಿಗೆ ಕಳಿಸುವ ಆಸೆ ಹುಟ್ಟುತ್ತದೆ. ಮನೆಯ ಒಲೆ ಉರಿಯಬೇಕಲ್ಲ, ಅದು ನಮಗೆ ಅರ್ಥವಾಗುತ್ತದೆ. ಆದ್ದರಿಂದ ಸಮಿತಿಯ ಕೋರಿಕೆ ಇಷ್ಟು: ಐಟಿಐ ಮಕ್ಕಳಿಗೆ ಒಂದು ಸಲದ ಮೊತ್ತ ಕೊಟ್ಟು ಕೈತೊಳೆಯುವುದು ಬೇಡ. ಎರಡೂ ವರ್ಷ ಬಸ್ಸಿನ ಖರ್ಚು, ಮನೆಗೆ ಅಷ್ಟಿಷ್ಟು ತಿಂಗಳ ನೆರವು, ಮುಗಿಸಿದ ದಿನ ಸ್ವಂತದ ಒಂದು ಉಪಕರಣ ಪೆಟ್ಟಿಗೆ, ಇಷ್ಟು ಸಿಗಲಿ. ಹೆತ್ತವರಲ್ಲಿ ಒಂದೇ ಕೋರಿಕೆ: ಪರೀಕ್ಷೆ ಮುಗಿದು ಪ್ರಮಾಣಪತ್ರ ಕೈಗೆ ಬರುವ ತನಕ ಮಗುವನ್ನು ಬಿಡಿಸಬೇಡಿ. ಅರ್ಜಿಯ ಜೊತೆ ಪ್ರವೇಶದ ದಾಖಲೆ, ಆದಾಯ ಪತ್ರ ಕೊಡಿ. ಎರಡನೆಯ ವರ್ಷಕ್ಕೆ ಹಾಜರಾತಿಯ ಪತ್ರ ಸಾಕು.

ಇಂದು ಐಟಿಐ ಮಕ್ಕಳ ಹೆಸರು ಕರೆಯುವಾಗ ಚಪ್ಪಾಳೆ ತಗ್ಗದಿರಲಿ. ನಾವು ಮನೆಗೆ ಮರಳುವ ರಸ್ತೆಯಲ್ಲಿ ಎದುರು ಬರುವ ಲಾರಿ ಸರಿಯಾದ ಜಾಗದಲ್ಲಿ ನಿಲ್ಲುವುದು ಇಂಥ ಮಕ್ಕಳ ಕೈಗುಣದಿಂದ.

ಅಲ್ಲಾಹನು ನಮ್ಮ ದಾನವನ್ನು ಸ್ವೀಕರಿಸಲಿ, ಈ ಮಕ್ಕಳ ಕೈಗೆ ಬರಕತ್ ನೀಡಲಿ, ದಾರಿಯಲ್ಲಿರುವ ಎಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.