ಡಿಗ್ರಿಯಲ್ಲಿ ಅಂಕ ಕಡಿಮೆ ಬಂದವರಿಗೆ



ವಿದ್ಯಾರಣ್ಯಪುರಂನ ನಮ್ಮ ಬೀದಿಯ ಹುಡುಗನೊಬ್ಬ ಬಿ.ಕಾಂ.ನಲ್ಲಿ ಶೇ. 52 ಪಡೆದು, "ನನಗೆಲ್ಲಿಯ ಎಂ.ಬಿ.ಎ., ಸರ್?" ಎಂದ. ರಾಜ್ಯದ ಪಿಜಿಸಿಇಟಿ ಬರೆಯಲು ಪದವಿಯಲ್ಲಿ ಶೇ. 50 ಸಾಕು, ರ‍್ಯಾಂಕ್ ಕೊಡುವುದು ಪ್ರವೇಶ ಪರೀಕ್ಷೆಯ ಅಂಕ ನೋಡಿ. ಒಂದು ಎಚ್ಚರಿಕೆ: ಶೇ. 45ರ ರಿಯಾಯಿತಿ ಪರಿಶಿಷ್ಟರಿಗೆ ಮತ್ತು ಪ್ರವರ್ಗ-1ಕ್ಕೆ ಮಾತ್ರ, ನಮ್ಮ 2ಬಿಗೆ ಇಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿರುವವರು ಈಗಲೇ ಲೆಕ್ಕ ಹಾಕಿಕೊಳ್ಳಿ.

ಬೆಂಗಳೂರಿನ ಐಐಎಂ ಎಸ್ಸೆಸ್ಸೆಲ್ಸಿಯಿಂದಲೇ ಅಂಕ ನೋಡುತ್ತದೆ, ನಿಜ. ಆದರೆ ಕೆಲಸದ ಅನುಭವಕ್ಕೂ ಅಲ್ಲಿ ಬೆಲೆಯುಂಟು. ಈ ಹುಡುಗ ಮೂರು ವರ್ಷದಿಂದ ಅಬ್ಬಾನ ಗುಜರಿ ಅಂಗಡಿಯ ಲೆಕ್ಕ ಬರೆಯುತ್ತಿದ್ದಾನೆ; ಹೇಳಿಕೊಳ್ಳಲು ನಾಚಿಕೆ! ಸಂದರ್ಶನವಿರುವ ಕಾಲೇಜಿನಲ್ಲಿ ಅದನ್ನೇ ಮೊದಲು ಹೇಳಪ್ಪಾ, ಕಬ್ಬಿಣ ಯಾವ ದರಕ್ಕೆ ಬಂತು, ಯಾವ ದರಕ್ಕೆ ಹೋಯಿತು ವಿವರಿಸು ಎಂದೆ. ಹಳೆಯ ಲೆಕ್ಕದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ್ದಾನೆ.